ಅಳತೆ ಕೂಗದ ಟೈಲರಣ್ಣ

ಹೋದ ವಾರ ಪಿಂಚಣಿಯ ಕಾಗದಕ್ಕೆಂದು ಸತ್ಯಮಂಗಲಕ್ಕೆ ಹೊರಟಿದ್ದೆ. ಬೆಳಿಗ್ಗೆ ಅಂಗಿಗೆ ನೀರು ಚಿಮುಕಿಸಿ ಇಸ್ತ್ರಿಪೆಟ್ಟಿಗೆ ಎಳೆದಾಗ ಒದ್ದೆ ಬಟ್ಟೆ ಕಾದ ವಾಸನೆ ಎದ್ದಿತು. ಆ ವಾಸನೆ ಬಂದರೆ ನನಗೆ ನೆನಪಾಗುವುದು ಒಂದೇ ಜಾಗ, ತಾಳವಾಡಿಯ ಟೈಲರಣ್ಣನ ಅಂಗಡಿ. ಇದ್ದಿಲಿನ ಇಸ್ತ್ರಿಪೆಟ್ಟಿಗೆ, ಒಂದು ಮಿಷನ್ನು, ಅಳತೆ ಕೊಡುವವರು ನಿಲ್ಲಲು ಒಂದು ಪರದೆ, ಪರದೆಯ ಪಕ್ಕ ಒಂದು ಬೆಂಚು... ಆ ಬೆಂಚು ಹೆಚ್ಚುಕಮ್ಮಿ ನನ್ನದೇ ಆಗಿತ್ತು.

ನಾನಾಗ ಊರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಸಂಜೆ ಐದಾದರೆ ಅಣ್ಣನ ಅಂಗಡಿಯಲ್ಲಿ ಹರಟೆ. ಸುತ್ತಮುತ್ತ ಆಫೀಸಿಗೆ ಹೋಗುವ ಗಂಡಸರೆಲ್ಲ ಅವನ ಕೈಯಲ್ಲೇ ಹೊಲಿಸುತ್ತಿದ್ದರು. ಕುಳ್ಳಗಿರುವವರಿಗೆ ಅವನು ಪ್ಯಾಂಟಿನ ತುದಿ ಹೊರಗೆ ಮಡಿಸಿ ಹೊಲಿಯುತ್ತಿರಲಿಲ್ಲ, ಕಾಲು ಇನ್ನೂ ಮೋಟಾಗಿ ಕಾಣುತ್ತದೆ ಎಂದು. ಸಣಕಲರಿಗೆ ತಿಳಿಬಣ್ಣದ ಬಟ್ಟೆ ತರಲು ಹೇಳಿ ಎದೆಗೆ ಎರಡು ಜೇಬು ಇಡುತ್ತಿದ್ದ. ಉದ್ದ ಕತ್ತಿನವರಿಗೆ ಕಾಲರನ್ನು ಅರ್ಧ ಬೆರಳು ಏರಿಸುತ್ತಿದ್ದ. ನನ್ನಂಥ ಹೊಟ್ಟೆಯವರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಇಳಿಸಿಕೊಂಡು ಬಂದರೆ ಮಾತ್ರ ಅವನಿಗೆ ತಡೆಯುತ್ತಿರಲಿಲ್ಲ.

"ಒಟ್ಟೆ ಮೇಲ ಕಟ್ಲಾ. ಕೆಳಗ ಕಟ್ಟುದ್ರ ಮೂಟ ಇಟ್ಟಂಗ ಕಾಣ್ತದ," ಎನ್ನುತ್ತಿದ್ದ. ನಾನು ಕೇಳುವ ಪೈಕಿಯಲ್ಲ.

ಬೇರೆ ಅಂಗಡಿಗಳಲ್ಲಿ ಒಬ್ಬ ಟೇಪು ಹಿಡಿದು ಅಳತೆ ಕೂಗುತ್ತಾನೆ, ಇನ್ನೊಬ್ಬ ಬರೆದುಕೊಳ್ಳುತ್ತಾನೆ. ಅಣ್ಣ ಕೂಗುತ್ತಿರಲಿಲ್ಲ. ಅಳೆದು, ತಾನೇ ಚೀಟಿಯಲ್ಲಿ ಗೀಚಿ, ಜೇಬಿಗೆ ಹಾಕಿಕೊಳ್ಳುತ್ತಿದ್ದ. ಇದೇನು ಗುಟ್ಟು ಎಂದು ಒಮ್ಮೆ ರೇಗಿಸಿದ್ದೆ.

"ಒಬ್ರ್ ಸೊಂಟ ಎಷ್ಟು ಅಂತ ಬೀದಿಗ್ಯಾಕ ಕೇಳುಸ್ಬೇಕು? ನೀನೂ ಅಷ್ಟೇ ಕಣ್ಲಾ, ಇಲ್ಲಿ ನೋಡುದ್ದ ಇಲ್ಲೇ ಬುಟ್ಟು ಓಗು," ಎಂದ. ನಾನು ನಕ್ಕು ತಲೆಯಾಡಿಸಿದೆ.

ಆ ವರ್ಷ ನಮ್ಮ ಕಚೇರಿಗೆ ಹೊಸ ಗುಮಾಸ್ತನೊಬ್ಬ ಬಂದ. ತಾಳಮಲೆ ಕಡೆಯ ಕಾಡಿನ ಜನ. ಅವರಲ್ಲಿ ನಮ್ಮ ಕಚೇರಿಯ ಕುರ್ಚಿಯಲ್ಲಿ ಕೂತವನು ಅವನೇ ಮೊದಲು. ಚಿಕ್ಕಂದಿನಲ್ಲಿ ಬಿದ್ದು ಅವನ ಎಡ ಹೆಗಲು ಕುಸಿದಿತ್ತು. ಯಾವ ಅಂಗಿ ಹಾಕಿದರೂ ಒಂದು ಕಡೆಗೆ ಜಾರುತ್ತಿತ್ತು. ಅದನ್ನು ಮುಚ್ಚಲು ಸುಡು ಬಿಸಿಲಲ್ಲೂ ಹೆಗಲ ಮೇಲೆ ಟವೆಲು ಹೊದ್ದೇ ಕೂತಿರುತ್ತಿದ್ದ. ಅವನನ್ನು ಅಣ್ಣನ ಹತ್ತಿರ ಕರೆದುಕೊಂಡು ಹೋದದ್ದು ನಾನೇ. ಆ ಒಳ್ಳೆಯ ಬುದ್ಧಿ ನನಗೆ ಇತ್ತು, ಇಲ್ಲವೆನ್ನಲಾರೆ.

ಪರದೆಯ ಹಿಂದೆ ಅಳತೆ ಕೊಟ್ಟು ಅವನು ಹೋದ ಮೇಲೆ, ನಾನು ನೋಡುತ್ತಿದ್ದಂತೆಯೇ ಅಣ್ಣ ಅಂಗಿಯ ಎಡ ಹೆಗಲಿನ ಒಳಗೆ ಕ್ಯಾನ್ವಾಸ್ ಬಟ್ಟೆಯನ್ನು ಪದರಪದರವಾಗಿ, ಅಂಚಿಗೆ ಬರುತ್ತ ತೆಳುವಾಗುವಂತೆ ಕೂಡಿಸಿ ಹೊಲಿದ. ಮೂರು ಸಲ ಬಿಚ್ಚಿ ಮತ್ತೆ ಹೊಲಿದ. ಅಂಗಿ ತೊಟ್ಟು ಕನ್ನಡಿಯ ಮುಂದೆ ನಿಂತವನು ಬಹಳ ಹೊತ್ತು ಅಲುಗಲಿಲ್ಲ. ಆಮೇಲೆ ಟವೆಲನ್ನು ಮಡಿಸಿ ಚೀಲದೊಳಗಿಟ್ಟ. ಮರುದಿನದಿಂದ ಕಚೇರಿಗೆ ಟವೆಲು ಬರಲಿಲ್ಲ.

ಕೆಲವು ವಾರ ಕಳೆದಿರಬೇಕು. ಆಫೀಸರು ಎಲ್ಲರ ಎದುರಿಗೆ ನನ್ನ ಹೊಟ್ಟೆ ನೋಡಿ, ಬಟ್ಟೆ ಹಾಕುವುದನ್ನು ಆ ಹೊಸಬನಿಂದ ಕಲಿತುಕೊಳ್ಳಿ ಎಂದರು. ನನಗೆ ಉರಿದುಹೋಯಿತು. ಮೊನ್ನೆ ಮೊನ್ನೆ ಬಂದವನಿಂದ ನಾನು ಕಲಿಯುವುದೇ... ಟೀ ಹೊತ್ತಿಗೆ, ಅವನು ಇಲ್ಲದಾಗ, ನಾಲ್ಕು ಜನರ ಮುಂದೆ ಅಂದೆ: "ಆ ಎಡಗಡೆ ಹೆಗ್ಲು ಅವುನ್ದಲ್ಲ, ಟೈಲರಣ್ಣುಂದು. ಒಳಗ ಬರೀ ಬಟ್ಟ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಧ್ಯಾಹ್ನಕ್ಕೆ ಯಾರೋ ಅವನ ಎಡ ಹೆಗಲು ಒತ್ತಿ ನೋಡಿದರಂತೆ.

ಅವತ್ತು ಸಂಜೆ ನಾನು ಏನೂ ಆಗದವನ ಹಾಗೆ ಬೆಂಚಿನ ಮೇಲೆ ಕೂತಿದ್ದೆ. ಅವನು ಬಂದ. ಒಳಗೆ ಬರದೆ ಬಾಗಿಲಲ್ಲೇ ನಿಂತು, "ಅಣ್ಣ, ನಿಮ್ನ ನಂಬಿ ಅಂಗಿ ಬಿಚ್ಚುದ್ದೆ. ಊರ್ಗೆಲ್ಲ ಯಾಕ ಯೋಳುದ್ರಿ?" ಎಂದು ಕೇಳಿದ.

ಅಣ್ಣ ಮಿಷನ್ನು ನಿಲ್ಲಿಸಿದ. ಒಮ್ಮೆ ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ. ಒಂದು ಮಾತು ಸಾಕಿತ್ತು.

"ತಪ್ಪಾಯ್ತು ಕಣಪ್ಪ," ಎಂದ ಅಣ್ಣ. ನನ್ನ ಹೆಸರು ಎತ್ತಲಿಲ್ಲ.

ಅವನು ಹೋದ ಮೇಲೂ ಅಣ್ಣ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಅಳುತ್ತಿದ್ದೆನೇನೋ, ತಪ್ಪೊಪ್ಪಿಕೊಳ್ಳುತ್ತಿದ್ದೆನೇನೋ. ಅಂದಿನಿಂದ ಅಳತೆಗೆ ಯಾರಾದರೂ ಬಂದರೆ ನನಗೆ, "ಓಗಿ ಟೀ ಕುಡ್ಕೊಂಡು ಬಾ," ಎನ್ನುತ್ತಿದ್ದ. ಅವನು ಸಾಯುವವರೆಗೂ ಹೀಗೆಯೇ ನಡೆಯಿತು. ನಾನು ಪ್ರತಿ ಸಲವೂ ಎದ್ದು ಹೋಗುತ್ತಿದ್ದೆ. ಗುಮಾಸ್ತ ಆ ಸಂಜೆಯ ಮರುದಿನವೇ ಟವೆಲು ಹೊದ್ದು ಬಂದ. ವರ್ಷ ತುಂಬುವುದರೊಳಗೆ ವರ್ಗ ಕೇಳಿಕೊಂಡು ಹಾಸನೂರಿನ ಕಡೆ ಹೋದ.

ಹೋದ ವಾರ ಬಸ್ಸು ಘಾಟಿಯ ಮೇಲಿನ ದಿಂಬಂನಲ್ಲಿ ಟೀಗೆ ನಿಂತಾಗ ಅವನು ಅಲ್ಲಿದ್ದ. ತಲೆ ನರೆತಿತ್ತು. ರೆಡಿಮೇಡ್ ಅಂಗಿ, ಹೆಗಲ ಮೇಲೆ ಟವೆಲು. ನನ್ನನ್ನು ಕಂಡು ಗೌರವದಿಂದ ಎದ್ದು ನಿಂತ. ಮಕ್ಕಳ ಓದು, ಮಳೆ ಎಲ್ಲ ಮಾತಾಡಿದೆವು. ಇನ್ನು ಬಿಟ್ಟರೆ ಆಗುವುದಿಲ್ಲ ಅನ್ನಿಸಿ, "ಅವತ್ತು ಆ ಮಾತ ಆಡುದ್ದು ನಾನು ಕಣಪ್ಪ. ಟೈಲರಣ್ಣ ಅಲ್ಲ," ಎಂದುಬಿಟ್ಟೆ.

ಅವನು ಟೀ ಲೋಟ ಕೆಳಗಿಟ್ಟ. ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆ.

"ಅಣ್ಣ ತೀರೋದಾಗ ಸುದ್ದಿ ಬಂದಿತ್ತು ಸಾರ್," ಎಂದ. "ಬೇಕಂತ್ಲೇ ಮಣ್ಗ ಬರ್ನಿಲ್ಲ ನಾನು."

ಹಾಸನೂರಿನ ಬಸ್ಸು ಬಂತು. ಲೋಟದ ಟೀ ಹಾಗೇ ಬಿಟ್ಟು ಹತ್ತಿ ಹೋದ. ಹೇಳಿದರೆ ನನಗೆ ಹಗುರಾಗುತ್ತದೆ ಎಂದುಕೊಂಡಿದ್ದೆ, ಅವನ ನೆಮ್ಮದಿಯನ್ನೂ ಕೆಡಿಸಿ ಬಂದಂತಾಯಿತು.

ಅಣ್ಣನ ಮಣ್ಣಿಗೆ ನಾನು ಹೋಗಿದ್ದೆ. ಎಲ್ಲರಿಗಿಂತ ಮುಂದೆ ನಿಂತಿದ್ದೆ. ಅವನಿಗೆ ಬಹಳ ಬೇಕಾದವನು ಎಂದು ಜನ ನನ್ನ ಕೈ ಹಿಡಿದು ಸಮಾಧಾನ ಹೇಳಿದರು, ನಾನು ಹೇಳಿಸಿಕೊಂಡೆ.