ಲಾಂಡ್ರಿಯವರ ಮುಖಗಳು

ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳಿಗಿದ್ದ ಅಡ್ಡಹೆಸರು ಮೆಣಸಿನಕಾಯಿ. ಯಾರಿಗೇ ಆಗಲಿ, ಮುಖಕ್ಕೆ ಹೊಡೆದಂತೆ ಹೇಳಿಬಿಡುವ ಹೆಂಗಸು. ಐವತ್ತು ದಾಟಿದ ಮೇಲೆ ಒಂದು ಕ್ಯಾಮೆರಾ ಕೊಂಡಳು. ಸ್ಟುಡಿಯೋ ಇಟ್ಟುಕೊಂಡಿದ್ದ ತಮ್ಮ ಅದನ್ನು ಅಂಗೈಯಲ್ಲಿ ತೂಗಿ ನಕ್ಕ.

"ಅಕ್ಕಾ, ಇದು ಕಲಿಯೋರ ಡಿಎಸ್‌ಎಲ್‌ಆರ್. ಬರೀ ಪ್ಲಾಸ್ಟಿಕ್. ಬೆಳಕು ಕಮ್ಮಿಯಾದ್ರೆ ಇದಕ್ಕೆ ಕಣ್ಣೇ ಕಾಣಲ್ಲ."

"ನಾನೂ ಕಲಿಯೋಳೇ ಅಲ್ವೇನೋ? ನಿನ್ನ ಕ್ಯಾಮೆರಾ ಹೊತ್ತು ನಿನ್ನ ಕತ್ತೇ ಸೊಟ್ಟಗಾಗಿದೆ. ಇದು ನೋಡು, ಹೂವಿನ ಹಾಗಿದೆ."

ಆ ವರ್ಷ ಆಸ್ಪತ್ರೆಯ ಪಡಸಾಲೆಯಲ್ಲಿ ಸಿಬ್ಬಂದಿಯ ಭಾವಚಿತ್ರಗಳನ್ನು ತೂಗುಹಾಕಿದರು. ವೈದ್ಯರು, ನರ್ಸುಗಳು, ಗುಮಾಸ್ತರು, ಗೇಟಿನ ಕಾವಲುಗಾರ, ಎಲ್ಲರೂ ಇದ್ದರು. ಲಾಂಡ್ರಿಯವರು ಮಾತ್ರ ಒಬ್ಬರೂ ಇಲ್ಲ. ಅವಳು ನೇರ ಕಚೇರಿಗೇ ಹೋಗಿ ಕೇಳಿದಳು.

"ಫೋಟೋದವರಿಗೆ ಕೆಳಗಿನ ಮಹಡಿ ತೋರಿಸೋದು ಮರೆತೇ ಹೋಯ್ತಮ್ಮ" ಎಂದರು ಆಡಳಿತಾಧಿಕಾರಿ.

"ಹಾಸಿಗೆಗೆ ಬಟ್ಟೆ ಕೊಡೋದನ್ನ ನಾವೂ ಒಂದಿನ ಮರೆತುಬಿಡೋಣ್ವಾ ಸಾರ್?"

ಮರುದಿನವೇ ಕ್ಯಾಮೆರಾ ಹೊತ್ತು ತಂದಳು. ತಮ್ಮ ಹೇಳಿದ್ದು ಸುಳ್ಳಾಗಿರಲಿಲ್ಲ. ಇಸ್ತ್ರಿ ಕೋಣೆಯ ಹಬೆಯಲ್ಲಿ, ಮಂಕು ದೀಪದಡಿ, ಲೆನ್ಸು ಹಿಂದೆ ಮುಂದೆ ತಡಕಾಡಿ ಮುಖ ಹಿಡಿಯುವಷ್ಟರಲ್ಲಿ ಎದುರಿನವರು ಬೆನ್ನು ತಿರುಗಿಸಿರುತ್ತಿದ್ದರು. ಸಿಕ್ಕ ಒಂದೆರಡರಲ್ಲೂ ಮರಳು ಎರಚಿದಂಥ ಕಾಳು ಕಾಳು.

"ಸೂರ್ಯ ಯಾರಪ್ಪನ ಸ್ವತ್ತೂ ಅಲ್ಲ. ಬನ್ರೇ ಹೊರಗೆ!"

ಬಟ್ಟೆ ಒಣಹಾಕುವ ಅಂಗಳದಲ್ಲಿ, ಬಿಳಿ ಬಟ್ಟೆಗಳ ನಡುವೆ, ಅದೇ ಕ್ಯಾಮೆರಾ ತನ್ನ ಕೈಚಳಕ ತೋರಿಸಿತು. ಒದ್ದೆ ಕೂದಲಿನ ಎಳೆ ಎಳೆ, ಮೊಣಕೈ ಮೇಲಿನ ಸುಟ್ಟ ಕಲೆ, ನಕ್ಕಾಗ ಕಂಡ ಮುರುಕು ಹಲ್ಲು, ಒಂದನ್ನೂ ಬಿಡಲಿಲ್ಲ.

ಎಲ್ಲರಿಗಿಂತ ಹಿರಿಯಳಾದ ಇಸ್ತ್ರಿ ಅಜ್ಜಿ ಮಾತ್ರ ಕದಲಲಿಲ್ಲ. "ನನ್ನ ಜಾಗ ಈ ಮೇಜು ಕಣೆ. ತೆಗಿಯೋದಿದ್ರೆ ಇಲ್ಲೇ ತೆಗಿ."

ಮಡಿಸಿಟ್ಟ ಬಟ್ಟೆಯ ರಾಶಿಯ ಮೇಲೆ ಕ್ಯಾಮೆರಾ ಕೂರಿಸಿ, ಲೆನ್ಸನ್ನು ಕೈಯಲ್ಲೇ ತಿರುಗಿಸಿ, "ಉಸಿರು ಹಿಡ್ಕೊಳ್ಳಿ" ಎಂದು ಒತ್ತಿದಳು. ಚಿತ್ರದಲ್ಲಿ ಮುಖವೇನೋ ಗುರುತಾಗುವಂತೆ ನಿಂತಿತು, ಕೈಗಳು ಹಬೆಯಲ್ಲಿ ಕರಗಿದವು. ಮರಳಿನಂಥ ಕಾಳು ಹಾಗೇ ಉಳಿಯಿತು. ಆ ಚಿತ್ರವನ್ನೇ ಎಲ್ಲಕ್ಕಿಂತ ದೊಡ್ಡದಾಗಿ ಅಚ್ಚು ಹಾಕಿಸಿದಳು.

ಪಡಸಾಲೆಯಲ್ಲಿ ಮೊಳೆ ಹೊಡೆಯುವ ಸದ್ದಿಗೆ ಅಧಿಕಾರಿ ಓಡಿಬಂದರು.

"ಇಳಿಸಮ್ಮ. ಅನುಮತಿ ಇಲ್ಲ. ಅದರ ಮೇಲೆ ಈ ಅಜ್ಜಿ ಚಿತ್ರ ನೋಡು, ಎಷ್ಟು ಮಸುಕು!"

"ನಾವು ಕೆಲ್ಸ ಮಾಡೋ ಕೋಣೆ ಅಷ್ಟೇ ಮಸುಕು ಸಾರ್. ಇಳಿಸಲ್ಲ. ಕೀಳೋದಿದ್ರೆ ಇವರ ಮುಖ ನೋಡ್ಕೊಂಡು ನೀವೇ ಕೀಳಿ."

ಹಿಂದೆ ಇಡೀ ಲಾಂಡ್ರಿ ಒದ್ದೆ ಏಪ್ರನ್ನಿನಲ್ಲಿ ನಿಂತಿತ್ತು. ಅಧಿಕಾರಿ ಬಂದ ದಾರಿಯಲ್ಲೇ ಹೊರಟುಹೋದರು.

ಚಿತ್ರಗಳು ಉಳಿದವು. ಅವಳನ್ನು ಮಾತ್ರ ರಕ್ತದ ಕಲೆಯ ಬಟ್ಟೆ ನೆನೆಹಾಕುವ, ಯಾರೂ ಬಯಸದ ವಿಭಾಗಕ್ಕೆ ಹಾಕಿದರು. ಅವಳು ಕ್ಯಾಮೆರಾವನ್ನೂ ಜೊತೆಗೇ ಒಯ್ದಳು. ಮೊದಲ ದಿನವೇ ಅಲ್ಲಿದ್ದ ಇಬ್ಬರನ್ನು ಕೇಳಿದಳು: "ನಿಮ್ಮ ಫೋಟೋ ಯಾವತ್ತಾದ್ರೂ ಯಾರಾದ್ರೂ ತೆಗೆದಿದಾರಾ?"