ಲಕ್ಕಯ್ಯ ಮೀಟರು ಊದಿದ್ದು

ಮೂಡಿಗೆರೆ ಕಡೆಯ ಕಾಫಿ ಎಸ್ಟೇಟುಗಳಲ್ಲಿ ಮನೆ ವೈನನ್ನು ಯಾರೂ ಕುಡಿತದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬ್ರಾಂದಿ ಅಂಗಡಿ ಕಂಡರೆ ಮುಖ ತಿರುಗಿಸುವ ಮುದುಕಿಯರೂ ಹಬ್ಬಕ್ಕೊಂದು ಲೋಟ ಏರಿಸಿ, ಜೀರ್ಣಕ್ಕೆ ಒಳ್ಳೇದು ಎಂದು ಬಾಯಿ ಒರೆಸಿಕೊಳ್ಳುತ್ತಾರೆ. ಶಶಿಧರ್ ಗೌಡರ ಎಸ್ಟೇಟಿನ ಜೀಪ್ ಡ್ರೈವರ್ ಲಕ್ಕಯ್ಯನೂ ಹಾಗೇ ನಂಬಿದ್ದ. ಗೌಡರ ಹೆಂಡತಿ ವಿಮಲಮ್ಮ ಮಾಡಿದ ನೆಲ್ಲಿಕಾಯಿ ವೈನನ್ನು ಮೂರು ಲೋಟ ಕುಡಿದು ಹೊರಟವನು, ಕೊಟ್ಟಿಗೆಹಾರದಲ್ಲಿ ಪೊಲೀಸರು ತಡೆದಾಗ, "ನಾನು ಕುಡಿಯೋನೇ ಅಲ್ಲ ಸಾರ್" ಎಂದು ಎದೆಯುಬ್ಬಿಸಿ ಮೀಟರು ಊದಿದ. ನೂರು ಮಿಲಿ ರಕ್ತದಲ್ಲಿ ಮದ್ಯದ ಅಂಶ ಮೂವತ್ತು ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ಕಾನೂನು. ಮೀಟರು ಅರವತ್ತು ತೋರಿಸಿತು.

ಅದು ಎರಡು ಸಾವಿರದ ಎರಡನೇ ಇಸವಿ. ಕೋರ್ಟು ಎರಡು ಸಾವಿರ ದಂಡ ಹಾಕಿತು, ಲೈಸೆನ್ಸು ಆರು ತಿಂಗಳು ಅಮಾನತಾಯಿತು. ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ ಎರಡು ವರ್ಷದವರೆಗೂ ಜೈಲು ಎಂದು ಮ್ಯಾಜಿಸ್ಟ್ರೇಟರು ಎಚ್ಚರಿಸಿದರು. ಜೀಪೇ ಬದುಕಾಗಿದ್ದ ಲಕ್ಕಯ್ಯ ಆರು ತಿಂಗಳು ತೋಟದಲ್ಲಿ ಗೊಬ್ಬರ ಹೊತ್ತ. ಬದಲಿ ಡ್ರೈವರ್ ಗೇರು ಕಿರುಗುಟ್ಟಿಸಿದಾಗಲೆಲ್ಲ ಅವನಿಗೆ ಹೊಟ್ಟೆ ಉರಿಯುತ್ತಿತ್ತು.

ಮರುವರ್ಷ ಗೌಡರ ಮಗಳ ಮದುವೆಯಾಗಿ, ಕಳಸದ ಹತ್ತಿರ ಗಂಡಿನ ಮನೆಯಲ್ಲಿ ಬೀಗರೂಟ. ಬಾಡೂಟ ಅಂದಮೇಲೆ ವೈನು ಬರದೆ ಇರುತ್ತದೆಯೇ?

"ಹಾಕ್ಕಳೋ ಮಾರಾಯ, ಇದೇನು ಬ್ರಾಂದಿಯಾ?" ಎಂದರು ಬೀಗರು. ಲಕ್ಕಯ್ಯ ಲೋಟ ಮಗುಚಿಟ್ಟ. ಅವನ ಪಾಲನ್ನೂ ಗೌಡರೇ ಮುಗಿಸಿದರು. ಹೊರಡುವ ಹೊತ್ತಿಗೆ ಅವರಿಗೆ ಹುರುಪು ಬಂತು.

"ಕೀ ಕೊಡೋ. ಅಳಿಯನ ಊರಿಂದ ನಾನೇ ಓಡಿಸ್ಕಂಡು ಹೋಗ್ತೀನಿ."

"ಕೊಡಲ್ಲ ಗೌಡ್ರೇ."

"ಜೀಪು ನಂದು ಕಣೋ! ಕೊಡ್ದಿದ್ರೆ ನಾಳೆಯಿಂದ ಕೆಲಸಕ್ಕೆ ಬರ್ಬೇಡ."

ಲಕ್ಕಯ್ಯ ಕೀಯನ್ನು ಜೇಬಿಗಿಳಿಸಿದ. "ನಾಳೆ ಬರಲ್ಲ ಬಿಡಿ," ಎಂದ. "ಇವತ್ತು ಮಾತ್ರ ಹಿಂದೆ ಕೂತ್ಕಳಿ. ಆ ತಿರುವುಗಳಲ್ಲಿ ನಿಮ್ ಕೈಗೆ ಅಮ್ಮೋರ ಜೀವ ಕೊಡಲ್ಲ ನಾನು."

ವಿಮಲಮ್ಮ ಸೆರಗು ಬಿಗಿದು ಮುಂದಿನ ಸೀಟಿಗೆ ಹತ್ತಿ ಕೂತರು. "ನಾನು ಲಕ್ಕಯ್ಯನ ಜೊತೆ ಹೋಗ್ತೀನಿ. ನೀವು ಬೇಕಾದ್ರೆ ನಡ್ಕಂಡು ಬನ್ನಿ."

ಗೌಡರು ಗೊಣಗುತ್ತಾ ಹಿಂದೆ ಹತ್ತಿದರು.

ಕೊಟ್ಟಿಗೆಹಾರದಲ್ಲಿ, ಹೋದ ವರ್ಷ ಅವನನ್ನು ಹಿಡಿದಿದ್ದ ಅದೇ ಹವಾಲ್ದಾರ ಕೈ ಅಡ್ಡ ಹಿಡಿದ. "ಓಹೋ, ಕುಡಿಯೋನೇ ಅಲ್ದೋನು! ಊದಪ್ಪ."

ಲಕ್ಕಯ್ಯ ಊದಿದ. ಸೊನ್ನೆ. ಹವಾಲ್ದಾರ ನಂಬದೆ ಮೀಟರು ತಟ್ಟಿ ಮತ್ತೆ ಊದಿಸಿದ. ಮತ್ತೂ ಸೊನ್ನೆ.

"ನೋಡ್ರೀ, ನಮ್ ಡ್ರೈವರ್ರು!" ಎಂದು ಹಿಂದಿನಿಂದ ಗೌಡರು ತಾವೇ ಊದಿ ಗೆದ್ದವರಂತೆ ಕೂಗಿದರು. ಕೆಲಸದಿಂದ ತೆಗೆದದ್ದು ಅವರಿಗೆ ಮರೆತೇಹೋಗಿತ್ತು.

"ಸರಿ, ಹೋಗು" ಎಂದ ಹವಾಲ್ದಾರ. ಲಕ್ಕಯ್ಯನಿಗೆ ಖುಷಿಗೆ ಕಣ್ಣು ತುಂಬಿ ಬಂದಿತ್ತು. ಅವನು ಗೇರು ಹಾಕಲೇ ಇಲ್ಲ.

"ಸಾರ್," ಎಂದ, "ಇನ್ನೊಂದ್ಸಲ ಊದ್ಲಾ?"