ಕಬ್ಬಿಣದಕ್ಕನ ಸಹಿ

"ಆಕೆ ಎದುರಿಗೆ ಬಿದ್ದ ಚಮಚ ಎತ್ಕೊಳ್ಳೋಕೂ ಭಯ ಕಣ್ರೀ" ಎನ್ನುತ್ತಿದ್ದರು ಅಕ್ಕಪಕ್ಕದವರು. ಸುಳ್ಳೇನಲ್ಲ. ಎದುರುಮನೆ ಯಜಮಾನರು ತರಕಾರಿ ಚೀಲಕ್ಕೆ ಬಗ್ಗಿದರೂ ಆಕೆ ರಸ್ತೆಯ ಈಚೆಯಿಂದಲೇ ಕೂಗುವಳು: "ಯಜಮಾನ್ರೇ, ಸೊಂಟ ಹಿಂದಕ್ಕೆ! ಬೆನ್ನು ಕೊಡೆ ಹಿಡಿ ಥರ ಬಾಗ್ತಿದೆ!"

ಹೀಗಾಗಿ ಬೀದಿಗೆಲ್ಲ ಆಕೆ ಕಬ್ಬಿಣದಕ್ಕ. ಕೆಳಗೆ ಆಕೆ ನಡೆಸುವ ಜಿಮ್, ಮೇಲೆ ಮನೆ, ಮನೆಯಲ್ಲಿ ತಾಯಿ ಮತ್ತು ತಮ್ಮ. ತಂದೆ ತೀರಿಕೊಂಡಾಗ ತಮ್ಮನಿಗೆ ಐದು ವರ್ಷ. ಅವನ ಕೈಹಿಡಿದು ಅಕ್ಷರ ತಿದ್ದಿಸಿದವಳೂ ಆಕೆಯೇ, ಬೆಳೆದ ಮೇಲೆ ಜಿಮ್ಮಿನಲ್ಲಿ ಜೊತೆಗೆ ನಿಲ್ಲಿಸಿಕೊಂಡವಳೂ ಆಕೆಯೇ.

ಆ ಜಿಮ್ಮಿಗೊಂದು ಕಟ್ಟಳೆ ಇತ್ತು. ಗೋಡೆಯ ಮೇಲೆ ಒಬ್ಬೊಬ್ಬರಿಗೂ ಒಂದೊಂದು ಕಾರ್ಡು. ಡೆಡ್‌ಲಿಫ್ಟ್, ಅಂದರೆ ನೆಲದ ಮೇಲಿನ ಭಾರವನ್ನು ಬಗ್ಗಿ ತೊಡೆಯೆತ್ತರಕ್ಕೆ ಎತ್ತುವುದು, ಕಲಿಯಬೇಕೆಂದರೆ ಮೊದಲು ಬೆನ್ನಿಗಾನಿಸಿದ ಬರೀ ಕೋಲು. ತಲೆ, ಬೆನ್ನು, ಬಾಲದ ಮೂಳೆ, ಮೂರಕ್ಕೂ ಅದು ತಾಗಿರುವಂತೆಯೇ ಬಗ್ಗಬೇಕು. ಆಮೇಲೆ ಮೊಣಕಾಲೆತ್ತರದ ಮರದ ದಿಮ್ಮಿಗಳ ಮೇಲಿಟ್ಟ ಸರಳು. ಆಮೇಲೆ ಕಾಲು ಅಗಲಿಸಿ ಎತ್ತುವ ಸುಮೋ. ಕಟ್ಟಕಡೆಗೆ ನೆಲದಿಂದ. ಅಕ್ಕನ ಸಹಿ ಬಿದ್ದರಷ್ಟೇ ಮುಂದಿನ ಮೆಟ್ಟಿಲು. ಆ ಸಹಿ ಇದ್ದವರ ಸೊಂಟ ಎಂದೂ ಹಿಡಿದುಕೊಂಡದ್ದಿಲ್ಲ. ಆಕೆ ಬದುಕಿನಲ್ಲಿ ಗಳಿಸಿದ್ದು ಆ ಹೆಸರೊಂದನ್ನೇ.

ತಮ್ಮನಿಗೆ ಇದೆಲ್ಲ ತಲೆನೋವು. "ಅಕ್ಕಾ, ಜನ ಬರೋದು ಭಾರ ಎತ್ತೋಕೆ. ನೀನು ಕೋಲು ಕೊಟ್ರೆ ಬೇರೆ ಜಿಮ್ಮಿಗೆ ಹೋಗ್ತಾರೆ."

"ಹೋಗ್ಲಿ ಬಿಡೋ. ನಡ್ಕೊಂಡು ಹೋಗ್ತಾರಲ್ಲ, ಅದೇ ಸಂತೋಷ."

ಬೀದಿ ಕೊನೆಯ ಟೈಲರ್ ಬಂದು ಸೇರಿದ. ದಿನವಿಡೀ ಮಿಷನ್ ಮುಂದೆ ಕೂತು ಕೂತು ಅವನ ತೊಡೆಯ ಹಿಂಭಾಗ ಬಿಗಿದುಹೋಗಿತ್ತು. ಸರಳು ಮೊಣಕಾಲಿಗಿಂತ ಕೆಳಗಿಳಿದರೆ ಸೊಂಟ ಗುಂಡಗಾಗುತ್ತಿತ್ತು.

"ದಿಮ್ಮಿ ತೆಗೆಯೋಕೆ ಇನ್ನೂ ಎರಡು ತಿಂಗಳು, ಟೈಲರಣ್ಣ. ನೀವು ಅಳತೆ ತಗೊಳ್ದೆ ಬಟ್ಟೆ ಕತ್ತರಿಸ್ತೀರಾ?"

"ನೀವು ಹೇಳಿದ್ಮೇಲೆ ಮುಗೀತಮ್ಮ" ಎಂದು ಅವನು ನಕ್ಕಿದ್ದ.

ಒಂದು ಬೆಳಿಗ್ಗೆ ಅಕ್ಕ ಹಲ್ಲು ಕೀಳಿಸಲು ಹೋಗಿದ್ದಳು. ತಮ್ಮ ಟೈಲರನ ಮುಂದಿನ ದಿಮ್ಮಿಗಳನ್ನು ಸರಿಸಿದ, ಸರಳಿನ ಎರಡೂ ಕಡೆ ಭಾರ ಏರಿಸಿದ, "ಎತ್ತಣ್ಣ, ವಿಡಿಯೋ ಹಾಕೋಣ" ಎಂದು ಮೊಬೈಲ್ ಹಿಡಿದ. ನಿಯಮದಂತೆ ಸರಳು ಕಾಲಿಗೆ ಅಂಟಿಕೊಂಡಿರಬೇಕು. ಅದು ಗೇಣುದ್ದ ಮುಂದಿತ್ತು. ಬೆನ್ನು ಬಿಲ್ಲಾಗಿತ್ತು. ಟೈಲರ್ ಅರ್ಧ ಎತ್ತಿ, "ಅಮ್ಮಾ" ಎಂದು ಕುಸಿದ.

ಮರುದಿನ, ಸೊಂಟ ಹಿಡಿದು ಮಲಗಿದ್ದ ಅವನ ಪರವಾಗಿ ಹೆಂಡತಿ ಕೇಳಲು ಬಂದಳು. ತಮ್ಮ ಗೋಡೆಯ ಮೇಲಿನ ಟೈಲರನ ಕಾರ್ಡು ತೋರಿಸಿದ. "ನಾನೇನ್ ಮಾಡ್ಲಿ ಅತ್ತಿಗೆ? ನೆಲದಿಂದ ಎತ್ಬಹುದು ಅಂತ ಅಕ್ಕಾನೇ ಸೈನ್ ಹಾಕಿದಾಳೆ, ನೋಡಿ."

ಊದಿದ ಕೆನ್ನೆ ಹಿಡಿದುಕೊಂಡೇ ಅಕ್ಕ ಕೆಳಗೆ ಬಂದು ಕಾರ್ಡು ನೋಡಿದಳು. ಆಕೆಯದೇ ಸಹಿ. ಆದರೆ ಕೊನೆಯ ಅಕ್ಷರದ ಬಾಲ ಮೇಲಕ್ಕೆ ತಿರುಗಿತ್ತು. ಆಕೆ ಎಷ್ಟು ತಿದ್ದಿಸಿದರೂ ತಮ್ಮ ಬಿಡದ ಚಾಳಿ ಅದು.

"ಇದು ನನ್ನ ಕೈ ಅಲ್ಲ. ಹೇಳೋ."

ಅವನು ಮೊಬೈಲ್ ತೆಗೆದು ಬೆರಳಾಡಿಸತೊಡಗಿದ.

"ನಿಮ್ಮನ್ನ ನಂಬಿ ಕಳಿಸಿದ್ದೆ ಅಕ್ಕ" ಎಂದಷ್ಟೇ ಹೇಳಿ ಟೈಲರನ ಹೆಂಡತಿ ಹೊರಟುಹೋದಳು.

ಮೆಟ್ಟಿಲ ಮೇಲಿಂದ ತಾಯಿ ಮೆಲ್ಲಗೆ ಹೇಳಿದಳು: "ಒಪ್ಕೊಂಡ್ಬಿಡು ಮಗಳೇ. ಅವನಿನ್ನೂ ಬಾಳಿ ಬದುಕ್ಬೇಕಾದೋನು."

"ಮತ್ತೆ ನಾನು?" ತಾಯಿ ಸೆರಗು ಸರಿಮಾಡಿಕೊಂಡಳು. "ಅಮ್ಮಾ, ನಿಂಗೆ ಗೊತ್ತಿತ್ತಾ?"

"ನಿನ್ನೆ ಟೈಲರ್ ಬಿದ್ದ ಕೂಡ್ಲೇ ಹೆದರ್ಕೊಂಡು ಮೇಲೆ ಓಡಿ ಬಂದ, ನೀನಿನ್ನೂ ಬಂದಿರ್ಲಿಲ್ಲ. ಪೆನ್ ಕೊಟ್ಟೋಳೇ ನಾನು."

ಅಕ್ಕ ಜಗಳವಾಡಲಿಲ್ಲ. ಗೋಡೆಯ ಕಾರ್ಡುಗಳನ್ನು ಒಂದೊಂದಾಗಿ ಇಳಿಸಿ, ತನ್ನ ಸಹಿ ಇದ್ದಲ್ಲೆಲ್ಲ ಅಡ್ಡಗೆರೆ ಎಳೆದಳು. ಅದಕ್ಕೇ ಮಧ್ಯಾಹ್ನವಾಯಿತು. ಆಮೇಲೆ ಟ್ರಂಕು ತುಂಬಿ ಬಾಗಿಲಿಗೆ ತಂದಿಟ್ಟಳು.

"ಆಟೋವರೆಗೆ ನಾನು ತರ್ತೀನಿ ಅಕ್ಕ" ಎಂದು ತಮ್ಮ ಗಬಕ್ಕನೆ ಬಗ್ಗಿದ. ಬೆನ್ನು ಗುಂಡಗೆ, ಮೊಣಕಾಲು ಸೆಟೆದು, ಟ್ರಂಕು ಮೈಯಿಂದ ಮೊಳ ದೂರ. ಆಕೆಯ ಬಾಯಿ ತಾನಾಗಿಯೇ ತೆರೆಯಿತು, ಮುಚ್ಚಿಕೊಂಡಿತು.

"ಬಿಡು" ಎಂದಳು.

ಪಾದ ಹತ್ತಿರ ತಂದು, ಹೊಟ್ಟೆ ತುಂಬ ಉಸಿರೆಳೆದು, ಟ್ರಂಕನ್ನು ತಾನೇ ಎತ್ತಿಕೊಂಡು ಬೀದಿಗಿಳಿದಳು.